ಕಲಿಸಿದವರು ಮತ್ತೆ ಕಲಿಯುವ ಕಾಲ: ಕೊಪ್ಪಳದ ಶಿಕ್ಷಕರ ಮುಂದಿರುವ ಪ್ರಶ್ನೆ

ಮಕ್ಕಳಿಗೆ ಪರೀಕ್ಷೆ ಮಾಡುವವರು ಸ್ವತಃ ಪರೀಕ್ಷೆಗೆ ಕೂರಬೇಕಾದ ಸನ್ನಿವೇಶ ಬಂದೊದಗಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಮಹತ್ವದ ತೀರ್ಪು ನೀಡಿತು. 1ರಿಂದ 8ನೇ ತರಗತಿವರೆಗೆ ಕಲಿಸುವ, ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಸೇವೆ ಬಾಕಿಯಿರುವ ಶಿಕ್ಷಕರು 2 ವರ್ಷಗಳೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಪಾಸು ಮಾಡಬೇಕು. ಇಲ್ಲವಾದರೆ ಸೇವೆ ಬಿಡಬೇಕು. 5 ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ನಿವೃತ್ತಿಯವರೆಗೆ ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ ಮುಂಚೆ ನೇಮಕಗೊಂಡವರಿಗೂ ಇದು ಅನ್ವಯ ಎಂದು ಪೀಠ ಹೇಳಿತು.

ಈ ತೀರ್ಪಿನ ಬಿಸಿ ತಿಳಿಯಬೇಕಾದರೆ ಕರಾವಳಿಯ ಓದುಗರು ಒಮ್ಮೆ ಘಟ್ಟ ಹತ್ತಿ ಕೊಪ್ಪಳದ ಕಡೆ ನೋಡಬೇಕು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ಆಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲೂಕು. 2011ರ ಜನಗಣತಿಯಂತೆ ಇಲ್ಲಿನ ಸಾಕ್ಷರತೆ ಶೇ. 68, ನಮ್ಮ ದಕ್ಷಿಣ ಕನ್ನಡದಲ್ಲಿ ಅದು ಶೇ. 88ಕ್ಕೂ ಹೆಚ್ಚು. ತಂದೆತಾಯಿ ಓದು ಬಾರದೆ ಕೂಲಿಗೆ ಹೋಗುವ ಮನೆಯಲ್ಲಿ ಮಗುವಿಗೆ ಅಕ್ಷರ ಹೇಳಿಕೊಡುವವರು ಯಾರು? ಶಾಲೆಯ ಮೇಷ್ಟ್ರು, ಟೀಚರಮ್ಮ ಮಾತ್ರ. ಆದ್ದರಿಂದ ಅಲ್ಲಿನ ಶಿಕ್ಷಕರ ವೃತ್ತಿ ಜಡ್ಡುಗಟ್ಟಿದರೆ ಅದರ ನಷ್ಟವನ್ನು ಭರಿಸುವುದು ಅಂಥ ಮನೆಯ ಮಕ್ಕಳೇ.

ವೃತ್ತಿ ಜಡ್ಡುಗಟ್ಟುವುದು ಹೇಗೆ? ಪ್ರಾಥಮಿಕ ಶಾಲೆಗೆ ಸೇರಿದ ಶಿಕ್ಷಕರಿಗೆ 10, 15, 20 ವರ್ಷಗಳಾದಾಗ ಕಾಲಮಿತಿಯ ವೇತನ ಸೌಲಭ್ಯ ದೊರೆಯುತ್ತದೆ. ಅದು ಬೇಕಾದದ್ದೇ. ಆದರೆ ಹೊಸದಾಗಿ ಓದಿದವರಿಗೂ ಓದದವರಿಗೂ ಅದು ಒಂದೇ ಲೆಕ್ಕ. ಸ್ವಂತ ಖರ್ಚಿನಲ್ಲಿ ಪದವಿ, ಬಿ.ಇಡಿ. ಮುಗಿಸಿದವರ ಪಾಡೂ ಅಷ್ಟೇ. 1ರಿಂದ 7ನೇ ತರಗತಿಗೆಂದು ನೇಮಕವಾದವರನ್ನು ನಂತರದ ನಿಯಮಗಳು 1ರಿಂದ 5ಕ್ಕೆ ಸೀಮಿತಗೊಳಿಸಿದಾಗ, ಪದವಿಯಿದ್ದರೂ ಅವರು ಪದವೀಧರ ಶಿಕ್ಷಕರೆನಿಸಿಕೊಳ್ಳಲಿಲ್ಲ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಪ್ರಾಥಮಿಕ ಶಿಕ್ಷಕರು ಪ್ರತಿಭಟಿಸಿದ್ದರಲ್ಲಿ ಈ ಅಳಲೂ ಇತ್ತು. ಓದಿದರೂ ಬೆಲೆಯಿಲ್ಲ ಎಂದಾದ ಮೇಲೆ ಓದುವ ಹಂಬಲ ಉಳಿಯುವುದೆಂತು?

ಹಾಗೆಂದು ತರಬೇತಿಗಳು ನಡೆದಿಲ್ಲವೆಂದಲ್ಲ. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಡಿಪಿಇಪಿ ರಾಜ್ಯದಲ್ಲಿ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಅಂದಿನ ರಾಯಚೂರೂ ಒಂದು. ತುಂಗಭದ್ರಾ ಅಣೆಕಟ್ಟಿನ ಬಳಿಯ ಮುನಿರಾಬಾದಿನಲ್ಲಿ ಡಯಟ್ ಇದೆ. ತಾಲೂಕಿಗೆ ಬಿಆರ್‌ಸಿ, ಕ್ಲಸ್ಟರಿಗೆ ಸಿಆರ್‌ಪಿ ಇದ್ದಾರೆ. 2017ರಿಂದ ದೀಕ್ಷಾ, 2019ರಿಂದ ನಿಷ್ಠಾ ಬಂದವು. ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಆದರೂ ಎಷ್ಟೋ ತರಬೇತಿಗಳು ಸಹಿ ಹಾಕಿ, ಊಟ ಮಾಡಿ, ಪ್ರಮಾಣಪತ್ರ ಪಡೆಯುವಲ್ಲಿಗೆ ಮುಗಿಯುತ್ತವೆ. ಕುಷ್ಟಗಿಯ ಹಳ್ಳಿಯೊಂದರಲ್ಲಿ ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ನಡೆಸುವವರಿಗೂ ಗಂಗಾವತಿ ಪೇಟೆಯಲ್ಲಿ ತರಗತಿಗೊಬ್ಬರಂತೆ ಕಲಿಸುವವರಿಗೂ ಒಂದೇ ಪಾಠ ಹೇಳಿದರೆ ಯಾರಿಗೆ ಪ್ರಯೋಜನ?

ಹಾಗಾದರೆ ಟಿಇಟಿ ಪರಿಹಾರವೇ? 150 ಅಂಕಗಳ ಈ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರಿಗೆ 90 ಬೇಕು. ಮಗುವಿನ ಬೆಳವಣಿಗೆ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ ಅಥವಾ ಮೇಲಿನ ತರಗತಿಗಳ ವಿಷಯ, ಇವಿಷ್ಟು ಶಿಕ್ಷಕರಿಗೆ ತಿಳಿದಿರಬೇಕೆಂಬುದರಲ್ಲಿ ತಪ್ಪಿಲ್ಲ. ಆದರೆ ಉತ್ತರ ಆರಿಸುವ ಪರೀಕ್ಷೆ ಅಳೆಯುವುದು ತಿಳಿವಳಿಕೆಯನ್ನು. ಹಿಂದೆ ಬಿದ್ದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವ ತಾಳ್ಮೆಯನ್ನಲ್ಲ. 25 ವರ್ಷ ದುಡಿದವರಿಗೆ ಕೆಲಸ ಹೋಗುವ ಭಯವನ್ನಷ್ಟೇ ಒಡ್ಡಿದರೆ ಅವರು ಕೋಚಿಂಗ್ ಕೇಂದ್ರದ ಬಾಗಿಲಿಗೆ ಓಡುತ್ತಾರೆ, ತರಗತಿ ಬಡವಾಗುತ್ತದೆ.

ಆದ್ದರಿಂದ ಪರೀಕ್ಷೆಯ ತಯಾರಿಯನ್ನೇ ವೃತ್ತಿಯ ಪುನಶ್ಚೇತನವಾಗಿ ಮಾಡಿಕೊಳ್ಳುವುದು ಜಾಣತನ. ನೀತಿ ಹೇಳಿದ 50 ಗಂಟೆಗಳಲ್ಲಿ ಒಂದು ಪಾಲನ್ನು ಕ್ಲಸ್ಟರ್ ಮಟ್ಟದ ಓದಿನ ಗುಂಪುಗಳಿಗೆ ಮೀಸಲಿಡಬಹುದು. ಗಣಿತದಲ್ಲಿ ಗಟ್ಟಿಯಿರುವ ಯಲಬುರ್ಗಾದ ಶಿಕ್ಷಕಿ ನೆರೆಶಾಲೆಯವರಿಗೆ ಭಿನ್ನರಾಶಿ ಹೇಳಿಕೊಡಲಿ. ಅಲ್ಲಿ ಕಲಿತದ್ದನ್ನು ಮರುದಿನವೇ ತರಗತಿಯಲ್ಲಿ ಪ್ರಯೋಗಿಸಿ ನೋಡಲಿ. ಮುನಿರಾಬಾದಿನ ಡಯಟ್ ಶಿಕ್ಷಕರನ್ನು ತನ್ನಲ್ಲಿಗೆ ಕರೆಸುವ ಬದಲು ತಾನೇ ತಾಲೂಕುಗಳಿಗೆ ಹೋಗಲಿ. ಸರಕಾರವೂ ಗಳಿಸಿದ ಪದವಿಗೆ, ತೋರಿದ ಶ್ರಮಕ್ಕೆ ಬಡ್ತಿಯಲ್ಲಿ ಸ್ಥಾನ ಕೊಡಲಿ. ಕಲಿಕೆಗೆ ಗೌರವ ಸಿಗದ ಇಲಾಖೆಯಲ್ಲಿ ಕಲಿಸುವವರು ಕಲಿಯಲಾರರು.

ಇದು ನಮಗೆ ಸಂಬಂಧಿಸಿದ ವಿಷಯವಲ್ಲ ಎಂದು ಕರಾವಳಿಯ ನಮ್ಮ ಶಾಲೆಗಳು ಸುಮ್ಮನಿರಬಾರದು. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದೆಂದು 2014ರಲ್ಲಿ ಸಂವಿಧಾನ ಪೀಠ ಹೇಳಿತ್ತು; 2025ರ ಪೀಠ ಅದನ್ನು ಮರುಪರಿಶೀಲಿಸಬೇಕೆಂದು ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಕಾನೂನಿನ ವಿನಾಯಿತಿ ಬೇರೆ, ಕಲಿಯುವ ಕರ್ತವ್ಯ ಬೇರೆ. ಹಕ್ಕನ್ನು ಕಾಪಾಡಿಕೊಳ್ಳಲು ವಾದಿಸುವ ಆಡಳಿತ ಮಂಡಳಿಗಳು ತಮ್ಮ ಶಿಕ್ಷಕರ ಓದಿಗೆ ವರ್ಷಕ್ಕೆ ಎಷ್ಟು ದಿನ, ಎಷ್ಟು ಹಣ ತೆಗೆದಿಡುತ್ತಿವೆ? ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಪ್ರಶ್ನೆ ಸೇರಲಿ ಎಂಬುದು ನಮ್ಮ ವಿನಂತಿ.