ಬಂಡೆಯಿಲ್ಲದ ಕಾಡಿನಲ್ಲಿ ಕುರಿ

ಮೂಫ್ಲಾನ್ ಎಂಬ ಕಾಡುಕುರಿಯನ್ನು ನೀವು ಚಿತ್ರದಲ್ಲಾದರೂ ನೋಡಿರಬಹುದು. ಕಂದು ಮೈ, ಪಕ್ಕದಲ್ಲಿ ಬಿಳಿ ಮಚ್ಚೆ, ಟಗರಿಗೆ ಸುರುಳಿ ಸುತ್ತಿದ ದಪ್ಪ ಕೊಂಬು. ತವರು ಮೆಡಿಟರೇನಿಯನ್ ಸಮುದ್ರದ ಕಾರ್ಸಿಕಾ, ಸಾರ್ಡೀನಿಯಾ ದ್ವೀಪಗಳು. ಆ ಕೊಂಬಿನ ಆಸೆಗೇ ಬೇಟೆಗಾರರು ಅದನ್ನು ಎಲ್ಲೆಲ್ಲಿಗೋ ಸಾಗಿಸಿದರು. ಹ್ಯಾಂಬರ್ಗಿನ ವ್ಯಾಪಾರಿ ಆಸ್ಕರ್ ಟೆಸ್ಡಾರ್ಫ್ 1903ರಲ್ಲಿ ಉತ್ತರ ಜರ್ಮನಿಯ ಗೋರ್ಡೆ ಕಾಡಿಗೆ ತಂದು ಬಿಟ್ಟ.

ಮರುವರ್ಷವೇ, 1904ರ ಫೆಬ್ರವರಿಯಲ್ಲಿ, ಜರ್ಮನಿಯ ಪೂರ್ವದ ಲೌಸಿಟ್ಸ್ ಸೀಮೆಯಲ್ಲಿ ಒಂದು ತೋಳವನ್ನು ಹೊಡೆದರು. ದೇಶದ ಕೊನೆಯ ತೋಳ ಎಂದು ಅದು ಹೆಸರಾಯಿತು. ಕುರಿ ಬಂತು, ತೋಳ ಹೋಯಿತು. ಕುರಿಗೆ ಇನ್ನೇನು ಬೇಕು?

2000ರಲ್ಲಿ ಅದೇ ಲೌಸಿಟ್ಸ್‌ನಲ್ಲಿ ತೋಳ ಮತ್ತೆ ಮರಿ ಹಾಕಿತು. ಅಲ್ಲಿದ್ದ ಮೂಫ್ಲಾನ್ ಹಿಂಡು ಕೆಲವೇ ವರ್ಷಗಳಲ್ಲಿ ಖಾಲಿ. ತೋಳ ಪಶ್ಚಿಮಕ್ಕೆ ಹರಡಿ ಗೋರ್ಡೆ ತಲುಪಿತು, ಅಲ್ಲೂ ಅದೇ ಕತೆ. ಅದೇ ಕಾಡಿನ ಜಿಂಕೆ, ಕಾಡುಹಂದಿಗಳು ಮಾತ್ರ ಉಳಿದುಕೊಂಡವು.

ಕಾರಣ ಕುರಿಯ ಕಾಲಿನಲ್ಲಿದೆ. ಮೂಫ್ಲಾನ್ ದೂರ ಓಡುವ ಪ್ರಾಣಿಯಲ್ಲ. ಅಪಾಯ ಕಂಡರೆ ನಾಲ್ಕು ಹೆಜ್ಜೆ ದೌಡಾಯಿಸಿ ಕಡಿದಾದ ಬಂಡೆ ಏರಿ ನಿಲ್ಲುವುದು ಅದರ ಉಪಾಯ. ಬಂಡೆಯ ಮೇಲೆ ತೋಳದ ಆಟ ನಡೆಯದು. ಗೋರ್ಡೆಯಲ್ಲಿ ಬಂಡೆಯೇ ಇಲ್ಲ. ಕುರಿ ಸ್ವಲ್ಪ ಓಡಿ, ಅಭ್ಯಾಸಬಲದಿಂದ ನಿಂತು ತಿರುಗಿ ನೋಡುತ್ತದೆ. ತೋಳವೋ ಹಠ ಹಿಡಿದು ಬೆನ್ನಟ್ಟುವ ಜಾತಿ. ಸಾಲದ್ದಕ್ಕೆ, ಕಲ್ಲಿನ ಮೇಲೆ ಸವೆಯಬೇಕಾದ ಗೊರಸು ಮೆತ್ತನೆ ಮಣ್ಣಿನಲ್ಲಿ ಉದ್ದ ಬೆಳೆದು ಕುಂಟುವ ಕುರಿಗಳೂ ಹೆಚ್ಚು.

ಬೇಟೆಗಾರರಿಗೆ ಸಿಟ್ಟು ಬಂತು. ಗೋರ್ಡೆಯ ಹಿಂಡು ಮೂಲ ದ್ವೀಪದ ರಕ್ತ ಕಾಪಾಡಿಕೊಂಡು ಬಂದದ್ದು, ಅದನ್ನು ತೋಳಕ್ಕೆ ಬಿಟ್ಟುಕೊಡುವುದು ಹೇಗೆ ಎಂದರು. ಕುರಿ ಹೊರಗಿನದು, ತೋಳ ಈ ನೆಲದ್ದು ಎಂದರು ಪರಿಸರದವರು. ಪರವೂರಿನಲ್ಲಿ ಬದುಕು ಕಟ್ಟಿಕೊಂಡ ನಮಗೆ 'ಹೊರಗಿನದು' ಎಂಬ ಮಾತು ಕೊಂಚ ಚುಚ್ಚುತ್ತದೆ, ನಿಜ. ಆದರೂ ನನ್ನ ಮನಸ್ಸು ತೋಳದ ಕಡೆಗೇ. ಕುರಿ ತಾನಾಗಿ ವಲಸೆ ಬಂದದ್ದಲ್ಲ, ಹೊಡೆಯುವುದಕ್ಕೆಂದೇ ತಂದದ್ದು. ಅಲ್ಲದೆ ಆ 'ತವರು' ದ್ವೀಪಗಳಿಗೂ ಮೂಫ್ಲಾನಿನ ಪೂರ್ವಜರನ್ನು ಸಾವಿರಾರು ವರ್ಷಗಳ ಹಿಂದೆ ದೋಣಿಯಲ್ಲಿ ಒಯ್ದವರು ಮನುಷ್ಯರೇ. ಸಾಕುಕುರಿಗಳು ಅಲ್ಲಿ ಕಾಡುಪಾಲಾಗಿ ಮೂಫ್ಲಾನ್ ಆದವು.

ಕೊಲ್ಲುವ ಪ್ರಾಣಿಯೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಹವಾಯಿ ಇದೆ. ಅಲ್ಲಿ ಮೌನಾ ಕೆಯಾ ಪರ್ವತಕ್ಕೂ ಬೇಟೆಗಾಗಿಯೇ ಮೂಫ್ಲಾನ್ ತಂದರು. ಅವು ಮಾಮನೆ ಮರದ ಚಿಗುರನ್ನು ಮೇಯ್ದವು. ಪಲೀಲಾ ಎಂಬ ಪುಟ್ಟ ಹಕ್ಕಿಗೆ ಆ ಮರದ ಬೀಜವೇ ಆಹಾರ. ಕೊನೆಗೆ ಪಲೀಲಾ ಹೆಸರಿನಲ್ಲೇ ಮೊಕದ್ದಮೆ ನಡೆದು, ಕುರಿಗಳನ್ನು ಬೆಟ್ಟದಿಂದ ತೆಗೆಯುವಂತೆ ನ್ಯಾಯಾಲಯ ಹೇಳಬೇಕಾಯಿತು. ತೋಳದ ಕೆಲಸ ಅಲ್ಲಿ ಇಂದಿಗೂ ಬಂದೂಕಿನದು.