ದಾದಿ ಮದ್ದು ಬರೆಯಬಾರದೇಕೆ?

ಕಳೆದ ಬೇಸಿಗೆ ರಜೆಯಲ್ಲಿ ಗೋವೆಯ ಫೋಂಡಾದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ನಡೆದ ಸಂಗತಿಯಿದು. ಪಕ್ಕದ ಬಿಡಾರದಲ್ಲಿ ಹಾವೇರಿ ಕಡೆಯ ಗಾರೆ ಕೆಲಸದ ದಂಪತಿ. ಅವರ ಎರಡು ವರ್ಷದ ಮಗುವಿಗೆ ಮೂರು ದಿನಗಳಿಂದ ಕೆಮ್ಮು, ಜ್ವರ. ಹತ್ತಿರದ ಖಾಸಗಿ ಚಿಕಿತ್ಸಾಲಯಕ್ಕೆ ನಾನೂ ಜತೆಗೆ ಹೋದೆ. ಡಾಕ್ಟರು ಬರುವುದು ಸಂಜೆಗೆ. ಇದ್ದವರು ದಾದಿಯೊಬ್ಬರೇ. ಆಕೆ ಮಗುವಿನ ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಒಂದು ನಿಮಿಷ ಉಸಿರೆಣಿಸಿದರು. ಈ ಪ್ರಾಯದ ಮಗುವಿನ ಉಸಿರು ನಿಮಿಷಕ್ಕೆ 40 ಯಾ ಅದಕ್ಕಿಂತ ಹೆಚ್ಚಾದರೆ ನ್ಯುಮೋನಿಯಾದ ಶಂಕೆ. ಇದರದ್ದು 50 ದಾಟಿತ್ತು. "ಇದು ಬರೇ ಶೀತವಲ್ಲ, ಈಗಲೇ ಮದ್ದು ಸುರುವಾಗಬೇಕು, ಆದರೆ ನಾನು ಬರೆಯುವ ಹಾಗಿಲ್ಲ, ದೊಡ್ಡಾಸ್ಪತ್ರೆಗೆ ಹೋಗಿ" ಎಂದು ಮುರುಕು ಕನ್ನಡದಲ್ಲಿ ಹೇಳಿದರು. ಹೋದರೆ ಉಳಿದರ್ಧ ದಿನದ ಕೂಲಿಯೂ ಹೋದಂತೆ. ತಂದೆ ಮದ್ದಿನಂಗಡಿಗೆ ನಡೆದ. ನಾನೂ ತಡೆಯಲಿಲ್ಲ. ಅಂಗಡಿಯವನು ಚೀಟಿ ಕೇಳಲಿಲ್ಲ, ಮಗುವಿನ ಮುಖವನ್ನೂ ನೋಡಲಿಲ್ಲ. ಕೆಮ್ಮಿನ ಸಿರಪ್ ಕೊಟ್ಟು ಹಣ ಎಣಿಸಿಕೊಂಡ. ಮರುದಿನ ಮಗುವನ್ನು ದೊಡ್ಡಾಸ್ಪತ್ರೆಗೆ ಒಯ್ಯಲೇಬೇಕಾಯಿತು. ದೇವರ ದಯೆ, ಉಳಿಯಿತು.

ಕಲಿತವರ ಕೈ ಕಟ್ಟಿ, ಕಲಿಯದವನ ಕೈ ಬಿಟ್ಟಿರುವ ಈ ವ್ಯವಸ್ಥೆ ರೋಗಿಯ ರಕ್ಷಣೆಗಾಗಿ ಇದೆಯೆಂದು ನಂಬುವುದು ಹೇಗೆ?

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ 32ನೇ ಕಲಮು ಈ ಗಂಟನ್ನು ಬಿಚ್ಚಲು ಹೊರಟದ್ದೇ. ಡಾಕ್ಟರರಲ್ಲದ ಅರ್ಹರಿಗೆ 'ಸಮುದಾಯ ಆರೋಗ್ಯ ಸೇವಾದಾರ'ರೆಂದು ಸೀಮಿತ ಪರವಾನಿಗೆ ಕೊಡಬಹುದು. ಪ್ರಾಥಮಿಕ ಹಾಗೂ ರೋಗನಿರೋಧಕ ಆರೈಕೆಯಲ್ಲಿ ಗೊತ್ತುಪಡಿಸಿದ ಮದ್ದುಗಳನ್ನು ಅವರು ಸ್ವತಂತ್ರವಾಗಿ ಬರೆಯಬಹುದು. ಅದಕ್ಕೆ ಮೀರಿದ್ದಕ್ಕೆ ಡಾಕ್ಟರರ ಮೇಲ್ವಿಚಾರಣೆ ಬೇಕು. ಇದು ನಕಲಿ ವೈದ್ಯಕ್ಕೆ ಕಾನೂನಿನ ಮುದ್ರೆಯೆಂದು ಭಾರತೀಯ ವೈದ್ಯಕೀಯ ಸಂಘ ಅದೇ ವರ್ಷ ಮುಷ್ಕರ ಹೂಡಿತು.

ಸಂಘದ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾರೆ. ಬಡವನಿಗೆ ಅರೆ ಡಾಕ್ಟರು ಸಾಕೆಂಬ ಧೋರಣೆ ಹಳೆಯದು. ಗೋವೆಯನ್ನೇ ನೋಡಿ. ಪೋರ್ಚುಗೀಸರು 1842ರಲ್ಲಿ ಪಣಜಿಯಲ್ಲಿ ವೈದ್ಯಶಾಲೆ ತೆರೆದರು. ಅಲ್ಲಿ ಕಲಿತವರು ಆಫ್ರಿಕದ ವಸಾಹತುಗಳ ರೋಗಿಗಳಿಗೆ ಆಗುತ್ತಿದ್ದರು. ಪೋರ್ಚುಗಲ್ಲಿನಲ್ಲಿ ವೃತ್ತಿ ನಡೆಸಬೇಕಾದರೆ ಮಾತ್ರ ಅಲ್ಲಿ ಹೋಗಿ ಮತ್ತೆ ಓದಬೇಕಿತ್ತು! ಬ್ರಿಟಿಷರಲ್ಲಿ ಎಲ್.ಎಂ.ಪಿ.ಗಳಿದ್ದರು. 1946ರ ಭೋರ್ ಸಮಿತಿಯ ಲೆಕ್ಕದಲ್ಲಿ ದೇಶದ ಸುಮಾರು 47,500 ಡಾಕ್ಟರರ ಪೈಕಿ 30,000ದಷ್ಟು ಮಂದಿ ಇಂಥವರು. ಒಂದೇ ದರ್ಜೆಯ ಡಾಕ್ಟರು ಸಾಕೆಂದು ಸಮಿತಿ ಹೇಳಿತು, ಆ ಶಿಕ್ಷಣ ನಿಂತಿತು. ಆದರೆ ಎಲ್.ಎಂ.ಪಿ. ಬಿಟ್ಟುಹೋದ ಎಷ್ಟೋ ಹಳ್ಳಿಗಳಿಗೆ ಎಂ.ಬಿ.ಬಿ.ಎಸ್. ಬರಲೇ ಇಲ್ಲ. ಛತ್ತೀಸಗಡ 2001ರಲ್ಲಿ ಮೂರು ವರ್ಷದ ಕೋರ್ಸು ಮತ್ತೆ ಸುರುಮಾಡಿತು. ಪ್ರಾಥಮಿಕ ಚಿಕಿತ್ಸೆಯಲ್ಲಿ ಹೀಗೆ ಕಲಿತವರು ಎಂ.ಬಿ.ಬಿ.ಎಸ್. ಆದವರಿಗೆ ಸರಿಸಮವೆಂದು 2010ರ ಅಧ್ಯಯನವೊಂದು ತೋರಿಸಿತು.

ಇದು ಗೋವೆಗೆ ಹೋದ ಕೂಲಿಕಾರರ ಪಾಡು ಮಾತ್ರವಲ್ಲ. ದೂರದ ಡಾಕ್ಟರನ್ನು ನಂಬಿದರೆ ಏನಾಗುತ್ತದೆಂದು 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನವರಾದ ನಾವು ಕಂಡಿದ್ದೇವೆ. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಸತ್ತವರು ನಮ್ಮವರೇ.

ಆದ್ದರಿಂದ ದಾದಿಗೆ ಹಕ್ಕು ಕೊಡಲಿ ಎನ್ನುತ್ತೇನೆ. ಭೇದಿ, ಜ್ವರ, ಮಕ್ಕಳ ನ್ಯುಮೋನಿಯಾಕ್ಕೆ ಮೊದಲ ಮದ್ದು, ರಕ್ತದೊತ್ತಡದ ಮಾತ್ರೆ ಮುಂದುವರಿಸುವುದು – ಇಷ್ಟಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಎದೆನೋವು, ಅಪಸ್ಮಾರ ಬಂದರೆ ಆಕೆ ಕಳುಹಿಸಿದ ಚೀಟಿಗೆ ಡಾಕ್ಟರು ಉತ್ತರಿಸಲೇಬೇಕು. ದಾದಿಯಿದ್ದಾರೆಂಬ ನೆಪದಲ್ಲಿ ಡಾಕ್ಟರರ ಹುದ್ದೆ ಖಾಲಿಬಿಡುವ ಸರಕಾರದ ಜಾಣತನ ಮಾತ್ರ ಬೇಡ.

ಇನ್ನೊಂದು ಮಾತು, ನಮಗೇ ಸಂಬಂಧಿಸಿದ್ದು. ಪೈವಳಿಕೆಯ ಅಜ್ಜಿ "ಸಂಕಟ ಆಗ್ತದೆ" ಎಂದರೆ ಅದು ಮೈಯ ತೊಂದರೆ. ಮಲೆಯಾಳದಲ್ಲಿ ಸಂಕಟವೆಂದರೆ ದುಃಖ. ತೆಂಕಣ ಜಿಲ್ಲೆಯಿಂದ ಬಂದ ದಾದಿ ಸಮಾಧಾನ ಹೇಳಿ ಕಳುಹಿಸಿದರೆ ತಪ್ಪು ಯಾರದು? ಗುಮಾಸ್ತರ ನೇಮಕಾತಿಯಲ್ಲಿ ಕನ್ನಡ ಬಲ್ಲವರಿಗೆಂದು ಲೋಕಸೇವಾ ಆಯೋಗ ಬೇರೆ ಪಟ್ಟಿ ಮಾಡುತ್ತದೆ. ಮದ್ದು ಬರೆಯುವವರಿಗೂ ಅಂಥದೊಂದು ಪಟ್ಟಿ ಬೇಕೆಂದು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪಂಚಾಯತು ಸದಸ್ಯರು ಈಗಲೇ ಠರಾವು ಬರೆದು ಕಳುಹಿಸಬೇಕು.