ಪ್ರಜ್ಞೆಗೆ ಭಾಷೆಯಿಲ್ಲವೆ?

ಆಸ್ಪತ್ರೆಯಲ್ಲಿ ಕನ್ನಡದ ಪ್ರಶ್ನೆಯನ್ನೆತ್ತುವುದು ಅವಿವೇಕವೆಂಬ ಮಾತನ್ನು ವಿದ್ಯಾವಂತರ ಬಾಯಲ್ಲಿಯೇ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಜ್ವರಕ್ಕೆ ಜಾತಿಯಿಲ್ಲ, ನೋವಿಗೆ ನುಡಿಯಿಲ್ಲ, ಶುಶ್ರೂಷೆ ಕೈಯ ಕೆಲಸವೇ ಹೊರತು ನಾಲಿಗೆಯದಲ್ಲ ಎಂಬುದು ಅವರ ವಾದ. ಮುರಿದ ಕಾಲಿನ ಮಟ್ಟಿಗೆ ಇದನ್ನು ಅರ್ಧದಷ್ಟಾದರೂ ಒಪ್ಪಬಹುದು. ಆದರೆ ಮಿದುಳಿಗೆ ಪೆಟ್ಟಾಗಿಯೋ ಪಾರ್ಶ್ವವಾಯು ಬಡಿದೋ ಮಲಗಿದವರ ವಿಷಯದಲ್ಲಿ ಇದು ಅಜ್ಞಾನ, ಅಪಾಯಕಾರಿಯಾದ ಅಜ್ಞಾನ. ಅಲ್ಲಿ ಮಾತೇ ನಾಡಿ. ನಾಡಿ ಹಿಡಿಯಲು ಬಾರದ ಕೈಗೆ ರೋಗಿಯನ್ನು ಒಪ್ಪಿಸುವೆವೆ?

ಮಿದುಳಿನ ರೋಗಿಯ ಹಾಸಿಗೆಯ ಬಳಿ ಒಂದು ಹಾಳೆಯಿರುತ್ತದೆ. ದಾದಿಯರು ಹೊತ್ತುಹೊತ್ತಿಗೆ ಬಂದು ಅದರಲ್ಲಿ ಅಂಕಗಳನ್ನು ಬರೆಯುತ್ತಾರೆ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರಿಬ್ಬರು ಪ್ರಕಟಿಸಿದ ಅಳತೆಗೋಲು ಅದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಏನೊಂದೂ ಇಲ್ಲದವರಿಗೂ 3. ಮಾತಿನ 5 ಅಂಕ ದೊರೆಯಬೇಕಾದರೆ ತಾನು ಯಾರು, ಎಲ್ಲಿದ್ದೇನೆ, ಇದು ಯಾವ ತಿಂಗಳು ಎಂಬುದನ್ನು ರೋಗಿ ಸರಿಯಾಗಿ ಹೇಳಬೇಕು. ವಾಕ್ಯವಾಡಿಯೂ ಗೊಂದಲವಿದ್ದರೆ 4, ಬಿಡಿ ಪದಗಳಿಗೆ 3, ನರಳಾಟಕ್ಕೆ 2, ಮೌನಕ್ಕೆ 1. ಚಲನೆಯ 6 ಅಂಕಕ್ಕೂ ಮಾತೇ ಬಾಗಿಲು. "ನನ್ನ ಬೆರಳು ಹಿಡಿಯಿರಿ" ಎಂದಾಗ ಹಿಡಿದರೆ ಸಾಲದು, "ಬಿಡಿ" ಎಂದಾಗ ಬಿಡಬೇಕು. ಅಂಗೈಗೆ ಸೋಕಿದ್ದನ್ನು ಹಿಡಿಯುವುದು ಅರಿವಿಲ್ಲದವರಲ್ಲಿಯೂ ಉಂಟಷ್ಟೆ. ಆ ಹಿಡಿ, ಬಿಡಿ ಎಂಬೆರಡು ಮಾತು ಯಾವ ಭಾಷೆಯಲ್ಲಿರಬೇಕು?

ಒಂದು ಅಂಕದಿಂದ ಏನಾದೀತು ಎನ್ನಬಾರದು. ತಲೆಗೆ ಪೆಟ್ಟಾದವರ ಒಟ್ಟಂಕ ಒಂದೇ ಒಂದು ಇಳಿದು ಅರ್ಧ ಗಂಟೆ ಹಾಗೆಯೇ ನಿಂತರೂ ವೈದ್ಯರನ್ನು ಕರೆಯಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ ವಿಧಿಸುತ್ತದೆ.

ಈ ಒಂದಂಕದ ಕಥೆ ನಮ್ಮ ಮನೆಯಲ್ಲಿಯೇ ನಡೆಯಿತು. ಗದಗಿನ ಕಡೆಯ ಹಳ್ಳಿಯಲ್ಲಿ ಬಾಳಿದ ನನ್ನ ಸೋದರತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಬೇರೆ ರಾಜ್ಯದಿಂದ ಬಂದ ದಾದಿಯೊಬ್ಬರು ತಮಗೆ ತಿಳಿದ ನಾಲ್ಕು ಕನ್ನಡ ಪದಗಳಲ್ಲಿಯೇ ಕೇಳಿದರು. ಎಲ್ಲಿದ್ದೀರಿ ಎಂದರೆ "ದವಾಖಾನ್ಯಾಗ". ಯಾವ ತಿಂಗಳೆಂದರೆ "ಕಾರ್ತೀಕ". ಎರಡೂ ಸರಿಯುತ್ತರ. ಹಾಳೆಯಲ್ಲಿ ಬಿದ್ದದ್ದು ಮಾತ್ರ ಗೊಂದಲದ 4. ದಾದಿಯವರಿಗೆ ಬೇಕಾಗಿದ್ದದ್ದು ನವೆಂಬರ್. ಮರುದಿನ ರಾತ್ರಿ ಅತ್ತೆಗೆ ನಿಜವಾಗಿಯೂ ಬುದ್ಧಿ ಕದಡಿತು. ಹಾಳೆ ಆಗಲೂ 4 ಎಂದೇ ಹೇಳಿತು. ಏನೂ ಇಳಿದಂತೆ ಕಾಣಲಿಲ್ಲ. ವೈದ್ಯರನ್ನು ಯಾರೂ ಕರೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಕೂಗಿದರೂ ಕಣ್ಣು ಬಿಡದ ಮಂಪರು. ಆಮೇಲೆ ಓಡಾಟ, ಸ್ಕ್ಯಾನು, ಶಸ್ತ್ರಕ್ರಿಯೆ. ಜೀವ ಉಳಿಯಿತು, ಬಲಗೈ ಮರಳಲಿಲ್ಲ.

ಕಸ ಗುಡಿಸುವ ಆಯಾ ಆ ಬಳಿಕ ನನ್ನೊಡನೆ ಹೇಳಿದರು: "ಅಜ್ಜಿ ರಾತ್ರಿಯೆಲ್ಲ 'ಕಣಕ್ಕ ಬುತ್ತಿ ಕಳಸ್ರಿ, ಆಳುಮಕ್ಕಳು ಹಸಿದಾರ' ಅಂತಿದ್ರು ಸಾರ್. ಹಿಂದಿನ ದಿನ ಹಂಗಿರಲಿಲ್ಲ." ಆ ಕೋಣೆಯಲ್ಲಿ ವ್ಯತ್ಯಾಸವನ್ನು ಅರಿತವರು ಅವರೊಬ್ಬರೇ. ಅವರ ಮಾತಿಗೆ ಹಾಳೆಯಲ್ಲಿ ಮನೆಯಿರಲಿಲ್ಲ. ಅರಿಯಬಲ್ಲ ನಾವೋ, ಒಳಗೆ ಬಿಡರೆಂದು ಹೊರಗಿನ ಬೆಂಚಿನ ಮೇಲೆ ತೂಕಡಿಸುತ್ತಿದ್ದೆವು. ಮೊದಲೇ ತಿಳಿದಿದ್ದರೆ ಕೈ ಉಳಿಯುತ್ತಿತ್ತೆಂದು ಹೇಳುವ ಅಧಿಕಾರ ನನಗಿಲ್ಲ. ಒಂದು ರಾತ್ರಿಯ ಕಾಲ ಕಳೆದುಹೋಯಿತು ಎಂಬುದಷ್ಟೇ ನನ್ನ ದೂರು. ದಾದಿಯವರನ್ನು ದೂರುವುದಂತೂ ಅನ್ಯಾಯ. ಅಷ್ಟೊಂದು ಹಾಸಿಗೆಗಳ ನಡುವೆ ಓಡಾಡುತ್ತಿದ್ದ ಆ ಹೆಣ್ಣುಮಗಳಿಗೆ ಕೇಳುವುದು ಹೇಗೆಂದು ಕಲಿಸಿದವರು ಯಾರು?

ಇನ್ನೊಂದು ಸಂಗತಿ. 1874ರಲ್ಲಿ ವರ್ನಿಕೆ ಎಂಬ ಜರ್ಮನ್ ವೈದ್ಯ ಒಂದು ಬಗೆಯ ವಾಕ್‌ದೋಷವನ್ನು ವಿವರಿಸಿದ. ಅದು ಬಡಿದವರ ಮಾತು ನಿರರ್ಗಳ. ಏರಿಳಿತ, ರಾಗ, ವೇಗ ಎಲ್ಲ ಸಹಜ. ಅರ್ಥವೊಂದೇ ಇಲ್ಲ. ಕನ್ನಡಿಗನೊಬ್ಬನಿಗೆ ಹೀಗಾದರೆ, ಕನ್ನಡವರಿಯದವರ ಕಿವಿಗೆ ಅದು ಅಚ್ಚ ಕನ್ನಡವೇ! ರೋಗಿ ಚೆನ್ನಾಗಿ ಮಾತಾಡುತ್ತಿದ್ದಾನೆಂದು ನಗುತ್ತ ಮುಂದೆ ಹೋದಾರು. ಅಲ್ಲಿ ಒಳ್ಳೆಯವರು ಗೊಂದಲಿಗರಾಗುತ್ತಾರೆ, ಇಲ್ಲಿ ಗೊಂದಲಿಗರು ಒಳ್ಳೆಯವರಾಗುತ್ತಾರೆ. ಎರಡೂ ಕೊಲ್ಲಬಲ್ಲ ತಪ್ಪುಗಳು.

"ಈಗ ಯಂತ್ರಗಳಿವೆ, ತಲೆಯೊಳಗಿನದೆಲ್ಲ ಕಾಣುತ್ತದೆ" ಎನ್ನುವವರಿದ್ದಾರೆ. ಸರಿ, ರೋಗಿಯನ್ನು ಆ ಯಂತ್ರಕ್ಕೆ ನಡುರಾತ್ರಿ ಒಯ್ಯಬೇಕೆಂದು ಹೇಳುವವರು ಯಾರು? ಹಾಸಿಗೆಯ ಬಳಿ ನಿಂತು ನೋಡಿದವರೇ ಅಲ್ಲವೆ? 1859ರಲ್ಲಿಯೇ ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯ ನಿರೀಕ್ಷಣೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಉತ್ತರವನ್ನು ಬಾಯಿಗಿಟ್ಟು ಕೇಳುವ ಪ್ರಶ್ನೆಗಳಿಂದ ದಾರಿ ತಪ್ಪುತ್ತದೆಂದು ಎಚ್ಚರಿಸಿದ್ದರು. ಗ್ಲಾಸ್ಗೋ ಅಳತೆಯ ವಿಧಾನವನ್ನು 2014ರಲ್ಲಿ ಪರಿಷ್ಕರಿಸಿದವರೂ, ಅಂಕ ಹಾಕುವ ಮೊದಲು ಸಂವಹನಕ್ಕೆ ಅಡ್ಡಿಯಾಗುವುದೇನಾದರೂ ಉಂಟೆ ಎಂದು ನೋಡಿ, ಅಳೆಯಲಾಗದ್ದನ್ನು ಅಳೆಯಲಾಗದೆಂದೇ ಬರೆಯಿರಿ ಎಂದರು. ಅಳತೆಗೋಲು ಮಾಡಿದವರಿಗಿರುವ ವಿನಯ ಅದನ್ನು ತರಿಸಿಕೊಂಡ ನಮಗಿಲ್ಲ.

ನಮ್ಮಲ್ಲಿ ತಿಳಿವಳಿಕೆಗೆ ಬಡತನವೂ ಇಲ್ಲ. ಆ ಅಳತೆಗೋಲು ಹುಟ್ಟಿದ 1974ರಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡಿತು. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮಾತು ಕೆಟ್ಟವರನ್ನು ಕನ್ನಡದಲ್ಲಿಯೇ ಪರೀಕ್ಷಿಸುವ ಸಾಧನಗಳೂ ಸಿದ್ಧವಾಗಿವೆ.

ಹಾಗಾದರೆ ತಪ್ಪು ಯಾರದು? ಮೊದಲು ನಮ್ಮದು, ಕನ್ನಡದ ಮೇಷ್ಟ್ರುಗಳದು. ವೈದ್ಯರು ಕೇಳಿದರೆ ನಾವು ಕೊಡುವುದು "ಪ್ರಜ್ಞಾಸ್ತರಮಾಪನ" ಎಂಬಂಥ ಪದ, ಪ್ರಜ್ಞೆಯಿರುವವರೂ ತಪ್ಪಿಸಿಕೊಳ್ಳುವಂಥದು. ಬೇಕಾದದ್ದು ಪರಿಭಾಷೆಯಲ್ಲ, ಪ್ರಶ್ನೆ. ಕಾಲು ಜೋಮು ಹಿಡಿದಿದೆಯೆ, ಉರಿಯುತ್ತದೆಯೆ, ಸೆಳೆಯುತ್ತದೆಯೆ? ತಲೆ ಸುತ್ತುತ್ತದೆಯೋ ಕಣ್ಣು ಕತ್ತಲಿಡುತ್ತದೆಯೋ? ಲಕ್ವ ಎಂದರೂ ಪಾರ್ಶ್ವವಾಯುವೆಂದರೂ ಒಂದೇ ಎಂಬುದು ವಾರ್ಡಿನಲ್ಲಿರುವ ಎಲ್ಲರಿಗೂ ತಿಳಿದಿದೆಯೆ? ನವೆಂಬರಿನಲ್ಲಿ ಇಷ್ಟೊಂದು ಬಾವುಟ ಕಟ್ಟುವ ನಾವು ಇಪ್ಪತ್ತು ವಾಕ್ಯಗಳ ಒಂದು ಹಾಳೆಯನ್ನು ಇನ್ನೂ ಎಲ್ಲ ಹಾಸಿಗೆಗಳ ಬಳಿ ಇಟ್ಟಿಲ್ಲ.

ನಾನು ಕೇಳುವುದು ಹೆಚ್ಚೇನಲ್ಲ. ದಕ್ಷಿಣೋತ್ತರಗಳ ಆಡುಮಾತನ್ನು ಬಲ್ಲವರು ದಾದಿಯರೊಡನೆ ಕುಳಿತು ಆ ಇಪ್ಪತ್ತು ವಾಕ್ಯಗಳನ್ನೂ, ಬರಬಹುದಾದ ಉತ್ತರಗಳನ್ನೂ ಬರೆಯಲಿ; ಕಾರ್ತೀಕವೆಂದರೂ ಅಂಕ ಸಿಗಲಿ. ಹೊರಗಿನಿಂದ ಬಂದ ದಾದಿಯರಿಗೆ ಕೆಲಸದ ವೇಳೆಯಲ್ಲಿಯೇ, ಸಂಬಳ ಕಡಿಯದೆ, ಅವನ್ನು ಕಲಿಸಲಿ. ಮೊದಲ ಸಲ ಅಂಕ ಹಾಕುವಾಗ ಮನೆಯವರೊಬ್ಬರು ಪಕ್ಕದಲ್ಲಿರಲಿ, "ಇವರು ಎಂದಿನಂತಿದ್ದಾರೆಯೆ?" ಎಂದು ಅವರನ್ನು ಕೇಳಲಿ. ಆಯಾ ಹೇಳಿದ್ದನ್ನು ಬರೆಯಲು ಹಾಳೆಯಲ್ಲಿ ಒಂದು ಗೆರೆಯಾದರೂ ಇರಲಿ.

ಇದನ್ನು ಭಾಷಾಭಿಮಾನವೆಂದು ಜರೆಯುವವರು ಜರೆಯಲಿ. ನನ್ನ ಅತ್ತೆ ಈಗ ಎಡಗೈಯಲ್ಲಿ ಉಣ್ಣಲು ಕಲಿಯುತ್ತಿದ್ದಾರೆ. ಯಾವ ತಿಂಗಳೆಂದು ಕೇಳಿದರೆ ಇಂದಿಗೂ ತಪ್ಪದೆ ಹೇಳುತ್ತಾರೆ, ಪಂಚಾಂಗದ ಪ್ರಕಾರ.